ಹದಿನೇಳನೆಯ ಹೆಸರು

ಓಗುಲ್‌ಗೆರೆಕ್. ‘ಮಗ ಬೇಕು’ ಎಂದರ್ಥ.
ಮೂರನೆಯದೂ ಹೆಣ್ಣಾದಾಗ ಅಪ್ಪ
ದೇವರಿಗೆ ಬರೆದ ಅರ್ಜಿ ಅದು.
ಅರ್ಜಿ ಫಲಿಸಿತು, ತಮ್ಮ ಹುಟ್ಟಿದ.
ಅಕ್ಕಂದಿರಿಬ್ಬರೂ ಹೋದ ದಾರಿಯಲ್ಲೇ ಹೋದ:
ಮೊದಲು ರೊಟ್ಟಿ ಇಳಿಯಲಿಲ್ಲ, ಆಮೇಲೆ ಗಂಜಿ,
ಆಮೇಲೆ ತನ್ನದೇ ಎಂಜಲು.
‘ಗಂಟಲು ಮುಚ್ಚಿತು’ ಅನ್ನುತ್ತಾರೆ ಅತ್ರೆಕ್ ದಂಡೆಯವರು,
ಅಂಗಡಿ ಮುಚ್ಚಿತು ಅಂದಹಾಗೆ.

ಕಳೆದ ಚಳಿಗಾಲ ಇವಳ ಚಹಾಕ್ಕೆ
ಥರ್ಮಾಮೀಟರ್ ಅದ್ದಲು ಹೋಗಿದ್ದೆ.
‘ಜ್ವರ ಬಂದಿದೆಯಾ ಅದಕ್ಕೆ?’
ಎಪ್ಪತ್ತೆರಡು ಡಿಗ್ರಿ.
ನಾನು ಬರೆದುಕೊಳ್ಳುವಷ್ಟರಲ್ಲಿ ಬಟ್ಟಲು ಬರಿದು.

ಇವತ್ತು ನೂಲು ತಂದಿದ್ದೇನೆ.
ನೂಲಿನ ತುದಿಗೆ ಗುಳಿಗೆ,
ಗುಳಿಗೆಯೊಳಗೆ ಮುದುಡಿ ಕೂತ ಸ್ಪಂಜು.
ನುಂಗಬೇಕು, ಏಳು ನಿಮಿಷ ಸುಮ್ಮನಿರಬೇಕು,
ಒಳಗೆ ಅದು ಅರಳಿಕೊಂಡ ಮೇಲೆ ಎಳೆದರೆ
ದಾರಿಯುದ್ದ ಗೋಡೆ ಸವರಿಕೊಂಡು ಬರುತ್ತದೆ.

‘ನೋವೇ ಇಲ್ಲವಲ್ಲ, ಏನು ಹುಡುಕುತ್ತೀ?’
ತರಬೇತಿಯಲ್ಲಿ ಕಲಿಸಿದ ಉತ್ತರ ಉದ್ದವಿತ್ತು.
‘ನಿನ್ನ ತಮ್ಮನಿಗೂ ಇರಲಿಲ್ಲ’ ಅಂದೆ.
ಮಗ್ಗದ ಮೇಲೆ ಕೈ ನಿಂತಿತು.

ಐವತ್ತು ವರ್ಷ ಜಮಖಾನೆಗೆ ಗಂಟು ಹಾಕಿದವಳು
ಬಾಯಂಚಿನಿಂದ ನೂಲು ಇಳಿಬಿಟ್ಟು ಕೂತಳು,
ನುಂಗಲಾರದೆ ಉಗುಳಲಾರದೆ,
ಗಡಿಯಾರವನ್ನು ಬೈಗುಳದಂತೆ ನೋಡುತ್ತ.
‘ಅಜ್ಜಿ ಮೀನು! ಅಜ್ಜಿ ಮೀನು!’ ಮೊಮ್ಮಗಳ ಕುಣಿತ.
ಎಳೆದೆ. ಓಕರಿಸಿದಳು, ಕಣ್ಣು ತುಂಬಿತು,
ನನ್ನ ಮುಂಗೈಗೊಂದು ಏಟು ಬಿತ್ತು.

ಇಪ್ಪತ್ತು ದಿನಕ್ಕೆ ಕಾಗದ. ಗೊಂಬದಿಗೆ ಬಸ್ಸು.
ಕತ್ತಲ ಕೋಣೆ, ಒಳಗಿಳಿದ ಕ್ಯಾಮೆರಾ,
ಅದರ ಹಿಂದೆ ಅಯೋಡಿನ್.
ಪರದೆಯ ಮೇಲೆ ಅನ್ನನಾಳ
ಅಕ್ರೋಟಿನ ಸಿಪ್ಪೆಯಂತೆ ಕಂದಾಗುತ್ತ ಬಂತು,
ಒಂದೇ ಒಂದು ಕಡೆ ಬಿಟ್ಟು.
ಉಗುರಿನಗಲ. ಬಿಳಿಚಿದ್ದು. ಹಟಮಾರಿ.

ನಾನು ವಿವರಿಸಲು ಹೊರಟೆ. ಅವಳೇ ತಡೆದಳು,
ಮರಗಟ್ಟಿದ ನಾಲಿಗೆಯಲ್ಲಿ:
‘ಬಣ್ಣದ ಹಂಡೆಯ ಮುಂದೆ ಬೆಳೆದವಳು ನಾನು.
ಎಲ್ಲ ಉಣ್ಣೆಯೂ ಕುಡಿದ ಬಣ್ಣ
ಒಂದು ಎಳೆ ಮಾತ್ರ ಕುಡಿಯದಿದ್ದರೆ
ಕುರಿಗೇ ಏನೋ ಆಗಿತ್ತು ಅಂತ.
ಆ ಎಳೆ ಕತ್ತರಿಸುತ್ತೇವೆ. ಜಮಖಾನೆ ಸುಡುವುದಿಲ್ಲ.’
ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನೋಡಿದರು.
‘ಮೇಲುಪದರದಲ್ಲೇ ಇದೆ’ ಅಂದರು, ‘ಗುರುವಾರ ಬನ್ನಿ.’

ಬಸ್‌ ನಿಲ್ದಾಣದಲ್ಲಿ ಎರಡು ಚಹಾ ಹೇಳಿದಳು.
ಬಟ್ಟಲನ್ನು ಮೊಣಕಾಲ ಮೇಲಿಟ್ಟುಕೊಂಡು
ಹಬೆಯನ್ನು ನೋಡಿದಳು. ನನ್ನನ್ನು ನೋಡಿದಳು.
‘ಇನ್ನೆಷ್ಟು ಹೊತ್ತು?’
‘ಇನ್ನೂ ಸ್ವಲ್ಪ.’
‘ತಣ್ಣಗಾದರೆ ಅದು ಚಹಾನಾ, ಕೆರೆನೀರಾ?’
ನನ್ನ ಹತ್ತಿರ ಇದಕ್ಕೂ ತರಬೇತಿಯ ಉತ್ತರವಿರಲಿಲ್ಲ.
ಬೆರಳು ಅದ್ದಿ ನೋಡಿದಳು.
ಬಸ್ಸು ಬಂತು.