ಗಾದೆಗೆ ಸಾಕ್ಷಿ

ಕಾಕ್ಸ್ ಟೌನಿನ ಆ ಶಾಲೆಗೆ ಮಕ್ಕಳು ಹದಿನೇಳೇ.
ಶನಿವಾರ ಬೀಗ, ಭಾನುವಾರ ಪಾಠ.
ಹೀಬ್ರೂ ಪೆಣಕರ್ ಮೇಷ್ಟ್ರದ್ದು, ಕನ್ನಡ ನನ್ನದು,
ನಡುವೆ ಒಂದು ಪ್ಲೈವುಡ್ ಗೋಡೆ.
ನಾನು ಕಾಗುಣಿತ ತಿದ್ದುವಾಗ
ಆಚೆಯಿಂದ ಜಗಳ ಕೇಳುತ್ತದೆ.

ಮೊದಲ ವಾರ ಗಾಬರಿಯಾಗಿ ಬಾಗಿಲು ತಟ್ಟಿದ್ದೆ:
'ಮಕ್ಕಳು ಹೊಡೆದಾಡ್ತಿದಾರಾ, ಸಾರ್?'
ಕನ್ನಡಕ ಹಣೆಗೇರಿಸಿ ಅವರು
'ಇಲ್ಲ ಮೇಡಂ, ಓದ್ತಿದಾರೆ' ಅಂದರು.

ಓದುವುದೆಂದರೆ ಇಲ್ಲಿ ಜೋಡಿ ಕೂರುವುದು,
ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪದಿರುವುದು,
ಆಮೇಲೆ ಜಾಗ ಬದಲಿಸಿ
ತಾನು ಒಪ್ಪದ್ದರ ಪರವಾಗಿ ವಾದಿಸುವುದು.
ಅವರ ಪುಸ್ತಕದ ಹಾಳೆಯೂ ಹಾಗೇ:
ನಡುವೆ ನಾಲ್ಕು ಸಾಲು ಮೂಲ,
ಸುತ್ತ, ಅಂಚಿನ ತನಕ, ನೂರಾರು ವರ್ಷಗಳಿಂದ
ಹೌದು, ಅಲ್ಲ, ಆದರೆ, ಒಂದು ವೇಳೆ.
ಸತ್ತವರ ಸರದಿಯೂ ಇನ್ನೂ ಮುಗಿದಿಲ್ಲ.

ಮಾಗಡಿ ಹತ್ತಿರದ ನನ್ನ ಶಾಲೆಯಲ್ಲಿ
ಪ್ರಶ್ನೆ ಕೇಳುವುದು ಮೇಷ್ಟ್ರ ಕೆಲಸ.
ಉತ್ತರ ನಮ್ಮದು, ಅಂಗೈ ನಮ್ಮದು,
ಬರಲು ಹುಣಿಸೆ ಮರದ್ದು.
ನೀತಿಪಾಠ ಕೊನೆಯ ಪೀರಿಯಡ್ಡು.
ಕಥೆಯ ಕೆಳಗೆ 'ಇದರ ನೀತಿ' ಎಂದು ಒಂದು ಸಾಲು;
ಎರಡು ಸಲ ನಕಲು ಮಾಡಿದರೆ
ನಾವು ಒಳ್ಳೆಯವರು.

ಆಷಾಢದ ಒಂದು ಮಂಗಳವಾರ ಬೋರ್ಡಿನ ಮೇಲೆ ಬರೆದೆ:
ವೇದ ಸುಳ್ಳಾದರೂ ಗಾದೆ ಸುಳ್ಳಾಗದು.
ವಿಸ್ತರಿಸಿ ಬರೆಯಿರಿ. ಹತ್ತು ಅಂಕ.

ಎರಡನೇ ಬೆಂಚಿನ ಅಬಿಗೈಲ್ ರೋಹೇಕರ್
ಜಡೆಯ ತುದಿ ಕಚ್ಚುತ್ತಾ ಎದ್ದಳು.
'ಮಿಸ್, ಇದೂ ಒಂದು ಗಾದೆ ತಾನೇ?'
'ಹೌದು.'
'ಮತ್ತೆ ತನ್ನ ಪರ ತಾನೇ ಸಾಕ್ಷಿ ಹೇಳಬಹುದಾ?'

ಕೈ ತಾನಾಗಿ ಮೇಜಿನ ಮೇಲೆ ಸ್ಕೇಲು ಹುಡುಕಿತು.
ಇರಲಿಲ್ಲ. ಇಲ್ಲಿ ಸ್ಕೇಲಿನಿಂದ
ಗೆರೆ ಮಾತ್ರ ಎಳೆಯುತ್ತಾರೆ, ಅದೂ ಮಕ್ಕಳೇ.
ಮೂವತ್ತೊಂದು ವರ್ಷ ಆ ಗಾದೆ ಬರೆಸಿದ್ದೇನೆ,
ಒಂದು ದಿನವೂ ಅದನ್ನು ಕಟಕಟೆ ಹತ್ತಿಸಿರಲಿಲ್ಲ.
'ಕೂತ್ಕೋ' ಅಂದೆ.
ಅವಳು ಕೂತಳು,
ಪ್ರಶ್ನೆ ನಿಂತೇ ಇತ್ತು.

ಸಂಜೆ ಮೇಷ್ಟ್ರಿಗೆ ಹೇಳಿದೆ, ದೂರಿನ ಹಾಗೆ.
ಅವರು ನಗಲಿಲ್ಲ. ಟೀ ಲೋಟ ತಿರುಗಿಸುತ್ತಾ ಹೇಳಿದರು:
'ಅಬ್ರಹಾಮ ದೇವರ ಜೊತೆ ಚೌಕಾಶಿಗೆ ನಿಂತ ಮೇಡಂ,
ಐವತ್ತು ಜನ ಒಳ್ಳೆಯವರಿದ್ದರೆ ಈ ಊರು ಸುಡದೆ ಬಿಡ್ತೀಯಾ?
ನಲವತ್ತೈದು? ಮೂವತ್ತು? ಇಪ್ಪತ್ತು?
ಹತ್ತಕ್ಕೆ ಸುಮ್ಮನಾದ.
ಒಂಬತ್ತು ಜನ ಇದ್ದಿದ್ದರೆ ಅವರ ಗತಿ ಏನು ಸಾರ್, ಅಂದ
ನಮ್ಮ ಏಲಿಯಾಜ್. ನಾಲ್ಕು ವರ್ಷ ಆಯ್ತು.
ಅವನೀಗ ಪುಣೆಯಲ್ಲಿ ಓದ್ತಾನೆ.
ನಾನಿನ್ನೂ ಉತ್ತರ ಕಳಿಸಿಲ್ಲ.'

ರಸೆಲ್ ಮಾರ್ಕೆಟ್ಟಿನ ಮುಂದೆ, ತುಂತುರಿನಲ್ಲಿ,
ಸೊಪ್ಪಿನ ಮೆಹಬೂಬಿ 'ಕಟ್ಟು ಇಪ್ಪತ್ತೈದು' ಅಂದಳು.
ಇಪ್ಪತ್ತು? ಹದಿನೈದು?
ಹತ್ತು ಅನ್ನಲು ಬಾಯಿ ತೆರೆದವಳು
ಅಲ್ಲೇ ನಿಂತುಬಿಟ್ಟೆ.
ಅವನು ಕೇಳಿದ್ದು ಊರು ಉಳಿಸಲು,
ನಾನು ಐದು ರೂಪಾಯಿ ಉಳಿಸಲು.
'ಏನಕ್ಕಾ, ಬೇಕಾ ಬ್ಯಾಡ್ವಾ?'
ಇಪ್ಪತ್ತೈದೇ ಕೊಟ್ಟೆ. ಅವಳು ಅನುಮಾನದಿಂದ
ನೋಟನ್ನು ಬೆಳಕಿಗೆ ಹಿಡಿದು ನೋಡಿದಳು.

ರಾತ್ರಿ, ಬಿಡಿಸಿದ ಮೆಂತ್ಯದ ಪಕ್ಕ, ಅಬಿಗೈಲಳ ಪುಸ್ತಕ.
ಎಂಟೇ ಸಾಲು. ಕೊನೆಯದು ಹೀಗಿದೆ:
'ಈ ಗಾದೆ ನಿಜ ಇರಬಹುದು, ಆದರೆ ಬೇರೆ ಯಾರಾದರೂ
ಸಾಕ್ಶಿ ಹೇಳಿದರೆ ಒಳ್ಳೆಯದು.
ವೇದವನ್ನೂ ಒಂದು ಮಾತು ಕೇಳಬೇಕಿತ್ತು, ಪಾಪ.'

'ಸಾಕ್ಶಿ'ಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದೆ.
ಅದು ತಪ್ಪು. ಅಷ್ಟು ಮಾತ್ರ ನನಗೆ ಖಚಿತ.
ಹತ್ತಕ್ಕೆ ಎಷ್ಟು ಎಂಬ ಜಾಗ
ಬೆಳಗಿನ ತನಕ ಖಾಲಿ.