ಎಡಗಡೆಯ ಮೂರನೆಯ ಕಾಲು

ನಮ್ಮಪ್ಪ ವೆನ್ಸಿಲ್‌ಗೆ ಕೆಂಪೂ ಹಸಿರೂ ಒಂದೇ.
ಅದಕ್ಕೇ ರೈಲ್ವೆಯವರು ಬೇಡವೆಂದರು.
ಕತ್ತಲ ಕೋಣೆಯಲ್ಲಿ ಎರಡು ದೀಪ ತೋರಿಸಿ
ಯಾವುದು ನಿಲ್ಲು, ಯಾವುದು ಹೋಗು, ಹೇಳು ಎಂದರಂತೆ.
"ಎರಡೂ ಉರೀತಿವೆ" ಅಂದನಂತೆ ಅಪ್ಪ.
ಹಾಗೆ ಅಂಚೆಯವನಾದ:
ನೆಬ್ರಾಸ್ಕದ ಮೆಕ್ಕೆಜೋಳದ ನಡುವೆ
ನೂರಾ ಹನ್ನೊಂದು ತಗಡಿನ ಪೆಟ್ಟಿಗೆಗಳ ಒಡೆಯ.

ಮುಚ್ಚಳ ತೆಗೆದರೆ ಒಳಗೆ
ಕಾಗದಕ್ಕಿಂತ ಮೊದಲೇ ಬಂದು ಕೂತವರು,
ಜಿಗಿಜೇಡಗಳು.
ಬಲೆ ಹೆಣೆದು ಕಾಯುವ ಜಾತಿಯಲ್ಲ,
ನೋಡುವ ಜಾತಿ.
ಬೆರಳು ಸರಿದತ್ತ ಇಡೀ ಮುಖ ತಿರುಗಿಸಿ
ನಮ್ಮನ್ನೇ ಗುರುತು ಹಚ್ಚುವ ಹಾಗೆ.

ಬೇಸಿಗೆ ರಜೆಯಲ್ಲಿ ಅಂಚೆಚೀಲದ ಮೇಲೆ ಕೂತು
ನಾನೂ ಹೋಗುತ್ತಿದ್ದೆ, ಒಂಬತ್ತು ವರ್ಷದ ಗುಮಾಸ್ತೆ.
ಗುರುತು ಅವನದು, ಬಣ್ಣ ನನ್ನದು.
"ಬೆನ್ನ ಮೇಲೆ ಮೂರು ಚುಕ್ಕೆ. ನಡುವೆ ದೊಡ್ಡದು,
ಹಿಂದೆ ಎರಡು ಮರಿ. ಬಣ್ಣ?"
"ಕಿತ್ತಳೆ."
"ಎಂಥ ಕಿತ್ತಳೆ?"
"ಅಜ್ಜಿಯ ಏಪ್ರಿಕಾಟ್ ಜಾಮಿಂದು. ಬಾಟಲಿಯ ತಳದ್ದು."
"ಕೋರೆ?"
"ಹಸಿರು. ಎಲೆ ಹಸಿರಲ್ಲ ಅಪ್ಪ, ನೊಣದ ಬೆನ್ನಿನ ಹಸಿರು,
ಓರೆಯಾದರೆ ನೀಲಿ."
ಸಾರಿನ ಉಪ್ಪು ನೋಡುವವನ ಹಾಗೆ
ಕಣ್ಣು ಮುಚ್ಚಿ ಕೇಳುತ್ತಿದ್ದ.
ಆಮೇಲೆ, "ಬರಕೋ."

ಆ ಜುಲೈ, ಒಟಿಲಿ ಹ್ರುಷ್ಕಾಳ ಪೆಟ್ಟಿಗೆಯಲ್ಲಿ
ಕಿತ್ತಳೆ ಚುಕ್ಕೆಯದೊಂದು, ಏಳೇ ಕಾಲಿನದು,
ಮೂಲೆಯಲ್ಲಿ ಬಿಳಿ ನೂಲು ಹೊದ್ದು ಮಲಗಿತು.
ಹನ್ನೊಂದು ದಿನ ಅಪ್ಪ
ಅವಳ ಬಿಲ್ಲು, ಬೀಜದ ಕ್ಯಾಟಲಾಗು, ಎಲ್ಲ
ಬಾಗಿಲ ತನಕ ಕೈಯಲ್ಲೇ ಒಯ್ದ.
"ನನ್ನ ಗಂಡನೂ ಇಷ್ಟು ಸಲ ಬಾಗಿಲು ಬಡಿದವನಲ್ಲ"
ಎಂದು ಗೊಣಗಿದಳು.
ಹನ್ನೆರಡನೆಯ ದಿನ ಗಸಗಸೆಯ ಕೊಲಾಚಿ
ಎರಡು, ಕಾಗದದಲ್ಲಿ ಸುತ್ತಿ ಕೊಟ್ಟಳು.

ಅವತ್ತೇ ಹೊದಿಕೆ ಖಾಲಿ.
ಮುಚ್ಚಳದ ಮೇಲೊಂದು ಜೇಡ, ಕಾಡಿಗೆ ಕಪ್ಪು,
ಚುಕ್ಕೆ ಮಾತ್ರ ಸುಣ್ಣದ ಬಿಳಿ.
"ಬೇರೆ" ಎಂದು ಹೊಸ ಪುಟ ತಿರುವಿದೆ.
"ಅದೇ" ಎಂದ ಅಪ್ಪ.
"ಬಣ್ಣವೇ ಬೇರೆ. ನಿನಗೆ ಕಾಣಲ್ಲ."
ಅಂದವಳು ನಾಲಿಗೆ ಕಚ್ಚಿಕೊಂಡೆ.

ಅವನು ಬೆರಳು ಚಾಚಿದ.
ಅದು ಮುಂಗಾಲೆತ್ತಿ ಅಳೆಯಿತು,
ಹಿಂದೊಂದು ಎಳೆ ಅಂಟಿಸಿ
ಹಾರಿ ಕೂತಿತು ಅವನ ಉಗುರಿನ ಮೇಲೆ.
"ಎಡಗಡೆಯ ಮೂರನೆಯ ಕಾಲು ನೋಡು."

ನೋಡಿದೆ. ಈಗ ಎಂಟಿದ್ದವು.
ಅದೊಂದು ಮಾತ್ರ ಗಿಡ್ಡ, ಸಪೂರ, ಮಸುಕು,
ಉಳಿದವುಗಳ ಹೆಜ್ಜೆ ಕೇಳಿ ಕೇಳಿ
ತಾನೂ ಇಡುತ್ತಿತ್ತು.

ಹೊಸ ಪುಟ ಖಾಲಿಯೇ ಉಳಿಯಿತು.
ವಾಪಸು ಬರುವಾಗ, ಊರಿನ ಒಂದೇ ಸಿಗ್ನಲ್ಲಿನಲ್ಲಿ
"ಕೆಂಪು" ಎಂದೆ, ದಿನದ ಅಭ್ಯಾಸ.
ಅವನ ಕಾಲು ಆಗಲೇ ಬ್ರೇಕಿನ ಮೇಲಿತ್ತು.
"ಮೇಲಿಂದು ಉರಿದರೆ ನಿಲ್ಲೋದು" ಎಂದ.
ಎಷ್ಟು ವರ್ಷದಿಂದ ಗೊತ್ತಿತ್ತೋ ಏನೋ.

ನಕ್ಕೆವು. ಇಬ್ಬರ ಹಲ್ಲಿನ ಸಂದಿಯಲ್ಲೂ
ಗಸಗಸೆ.