ಎರಡನೇ ಗಂಟೆಯ ರಕ್ತ

ಬೆಳಿಗ್ಗೆ ಆರಕ್ಕೆ ಮಾತ್ರೆ. ನಾಲ್ಕು, ಇಟ್ಟಿಗೆ ಬಣ್ಣದವು.
ನಾನೇ ಕೊಟ್ಟು, ನಾನೇ ನೀರು ಹಿಡಿದು,
ನಾಲಿಗೆ ಎತ್ತಿಸಿ, ಕೆನ್ನೆಯ ಸಂದಿಗೆ ಟಾರ್ಚು ಹಾಯಿಸಿ
'ನುಂಗಿದ' ಎಂದು ಪಟ್ಟಿಯಲ್ಲಿ ಗೀಟು ಹಾಕುವವಳು.
ಐವತ್ತೆಂಟು ಗೀಟು.
ಆದರೂ ಎಲಿಂಗಾಯಾನ ಕಫದಲ್ಲಿ ಕ್ರಿಮಿ ಕಂಡೇ ಕಂಡಿತು,
ತೂಕ ಇಳಿಯುತ್ತಲೇ ಹೋಯಿತು,
ಅಂಗಿ ಹೆಗಲಿಗೆ ತೊಟ್ಟಂತಿರಲಿಲ್ಲ, ಮೊಳೆಗೆ ನೇತುಹಾಕಿದಂತಿತ್ತು.

ನೀಲಿ ಕಲ್ಲಿನ ಗಣಿಯವನು. ಹನ್ನೆರಡು ವರ್ಷ
ಮೆರೆರಾನಿಯ ನೆಲದೊಳಕ್ಕೆ ಹಗ್ಗ ಹಿಡಿದು ಇಳಿದು
ಯಾರದೋ ಉಂಗುರಕ್ಕೆ ಬಣ್ಣ ಹುಡುಕಿದವನು.
ತನಗೆಂದು ತಂದುಕೊಂಡದ್ದು ಎದೆ ತುಂಬ ದೂಳು.
ಬಾಯಲ್ಲಿ ಕಲ್ಲಿಟ್ಟು ಗೇಟು ದಾಟುವ ಜಾತಿ ಇವರು,
ಮಾತ್ರೆ ಅಡಗಿಸುವುದು ಯಾವ ಲೆಕ್ಕ, ಎಂದರು ವಾರ್ಡಿನವರು.
ನಾನೂ ಅಂದೆ. ಜೋರಾಗಿ ಅಲ್ಲ,
ಅವನಿಗೆ ಕೇಳಿಸುವಷ್ಟು.

ಬಚ್ಚಲಲ್ಲಿ ಅವನ ಮೂತ್ರ ಕಿತ್ತಳೆಗೆ ತಿರುಗಿದ್ದನ್ನು ಕಂಡಿದ್ದೆ.
ನುಂಗದವನಿಗೆ ಆ ಬಣ್ಣ ಬಾರದು.
ಕಂಡೂ ಅಂದೆ.

ಡಾಕ್ಟರ್ ಊರಿಯೊ ಕನ್ನಡಕ ಒರೆಸಿಕೊಂಡು
'ಅವನನ್ನು ಕೇಳಿದ್ದಾಯಿತಲ್ಲ ಸಿಸ್ಟರ್,
ಅವನ ರಕ್ತವನ್ನೂ ಒಂದು ಮಾತು ಕೇಳೋಣ' ಎಂದರು.

ಹಾಗೆ ಎಂಟಕ್ಕೆ ಒಂದು ನಳಿಕೆ,
ಬೆಟ್ಟ ಮೋಡ ಹೊದ್ದುಕೊಳ್ಳುವ ಹೊತ್ತು;
ಹನ್ನೆರಡಕ್ಕೆ ಇನ್ನೊಂದು.
ಬೆಳಕು ತಾಗಿದರೆ ಔಷಧ ಮಾಸುತ್ತದಂತೆ,
ಅಲ್ಯುಮಿನಿಯಂ ಹಾಳೆ ಸುತ್ತಿದೆ, ಐಸಿನ ಡಬ್ಬಿಯಲ್ಲಿಟ್ಟೆ,
ಪಿಕಿಪಿಕಿ ಹುಡುಗ ಬೆನ್ನಿಗೆ ಕಟ್ಟಿಕೊಂಡು
ಮೋಶಿಯ ದಾರಿ ಹಿಡಿದ.
'ನೋಡಿ, ನಾನು ಸುಳ್ಳಲ್ಲ ಅಂತ ಬರುತ್ತದೆ' ಎಂದ ಎಲಿಂಗಾಯಾ,
ಹತ್ತಿಯ ಉಂಡೆ ಮೊಣಕೈಗೆ ಒತ್ತಿಕೊಂಡು.

ಶುಕ್ರವಾರ ಚೀಟಿ ಬಂತು.
ಎಂಟಾದರೂ ಇರಬೇಕಾದಲ್ಲಿ ಎರಡೂಮುಕ್ಕಾಲು.
ಸೊನ್ನೆಯಲ್ಲ. ಎರಡೂಮುಕ್ಕಾಲು.
ಕೈಗೆ ಬಂದದ್ದು ಬಾಯಿಗೆ ಬಂದಿತ್ತು,
ಬಾಯಿಗೆ ಬಂದದ್ದು ರಕ್ತಕ್ಕೆ ಬಂದಿರಲಿಲ್ಲ.
ಎರಡು ತಿಂಗಳು ನಾವು ದಿನಾ ಬೆಳಿಗ್ಗೆ
ಹಾವಿಗೆ ಅರೆಪೆಟ್ಟು ಹೊಡೆಯುತ್ತಿದ್ದೆವು.
ಹಾಗೆಂದು ಕಣ್ಣುಮುಚ್ಚಿ ಎರಡರಷ್ಟು ಸುರಿಯುವಂತಿಲ್ಲ,
ಅತಿಯಾದರೆ ಅಮೃತವೂ ವಿಷ,
ಇದಂತೂ ಅಮೃತವೇ ಅಲ್ಲ.
ಎಷ್ಟು ಹೆಚ್ಚಿಸಬೇಕೆಂದು ಊರಿಯೊ ಚೀಟಿಯ ಬೆನ್ನಿಗೇ ಗುಣಿಸಿದರು,
ಅಳಿಸಿದರು, ಮತ್ತೆ ಗುಣಿಸಿದರು.
ಆಮೇಲೆ ತಲೆಯೆತ್ತಿ: 'ಆರಕ್ಕೆ ಮುಂಚೆ ಅವನು ಏನು ತಿನ್ನುತ್ತಾನೆ?'

ಆ ವಾಸನೆ ನನಗೆ ಗೊತ್ತಿತ್ತು.
ಬಾಳೆಕಾಯಿ, ಎಲುಬಿನ ಮಾಂಸ, ಮೇಲೆ ತೇಲುವ ಕೊಬ್ಬು:
ಐಕಾಂಡೆಯ ಮ್ತೋರಿ.
ನಾಲ್ಕಕ್ಕೆ ಎದ್ದು, ಏಳು ಕಿಲೋಮೀಟರು ಕತ್ತಲು ತುಳಿದು,
ಗಂಡನ ಹೊಟ್ಟೆಗೆ ಮಾತ್ರೆಯ ಬಿಸಿ ತಟ್ಟದಿರಲೆಂದು
ಐದೂವರೆಗೇ ಉಣಿಸುತ್ತಿದ್ದಳು.
ದಿನವೂ ಆ ಪಾತ್ರೆ ದಾಟಿಕೊಂಡೇ ಟಾರ್ಚು ಹಿಡಿದು ಹೋದವಳು ನಾನು.

ಅವಳಿಗೆ ಹೇಳುವ ಕೆಲಸ ನನ್ನ ಪಾಲಿಗೇ ಬಂತು.
ಊಟ ಔಷಧದ ದಾರಿಗೆ ಅಡ್ಡ ಕೂರುತ್ತದೆ ತಾಯಿ,
ಮೊದಲು ಮಾತ್ರೆ, ಎರಡು ಗಂಟೆ ಬಿಟ್ಟು ಮ್ತೋರಿ.
ಐಕಾಂಡೆ ನನ್ನನ್ನು ನೋಡಲಿಲ್ಲ, ಪಾತ್ರೆಯನ್ನು ನೋಡಿದಳು.
'ಹಾಗಾದರೆ ಇಷ್ಟು ದಿನ ನಾನು ಹೊತ್ತದ್ದು...'
ಎಂದವಳು ಮುಗಿಸಲಿಲ್ಲ.
ಅಲ್ಲ ಅಲ್ಲ, ಎಂದೆ. ಬೇರೆ ಕಾರಣವೂ ಇರಬಹುದು, ಎಂದೆ.
ನಾಲ್ಕಾರು ಸಲ ಎಂದೆ.

ಈಗ ಕೆಂಪು ಕ್ಯಾಪ್ಸೂಲು ಎರಡು ಹೆಚ್ಚು.
ಐಕಾಂಡೆ ಈಗಲೂ ಐದೂವರೆಗೇ ಬರುತ್ತಾಳೆ,
ಕಾಂಗಾದಲ್ಲಿ ಪಾತ್ರೆ ಸುತ್ತಿ, ಮಡಿಲಲ್ಲಿಟ್ಟು,
ಹೊರಗಿನ ಬೆಂಚಿನ ಮೇಲೆ ಮಗುವಿನಂತೆ ಬೆಚ್ಚಗೆ ಕಾಯುತ್ತಾಳೆ.
ಮೊನ್ನೆಯ ಚೀಟಿಯಲ್ಲಿ ಒಂಬತ್ತು ದಾಟಿದೆ.
ಕಫದ ಮಾತು ಇನ್ನೂ ಬಂದಿಲ್ಲ.
ಎಂಟಕ್ಕೆ ಮುಚ್ಚಳ ತೆಗೆದರೆ ವಾರ್ಡಿಗೆಲ್ಲ ಘಮ.

ಟಾರ್ಚು ನಾನು ಈಗಲೂ ಹಾಯಿಸಬೇಕು. ನಿಯಮ.
ಅವನು ಬಾಯಿ ತೆರೆಯುತ್ತಾನೆ,
ಬೇಕಾದ್ದಕ್ಕಿಂತ ಅಗಲವಾಗಿ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.